ಭಾರ ಹೊರದ ಕಂಬಗಳು



ಹೊಸ ಮನೆಯ ಆಶೀರ್ವಾದಕ್ಕೆಂದು ಕರೆ ಬಂದಾಗ ಗುರುಗಳಾದವರು ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾ ಮನೆಯ ಪ್ರತಿಯೊಂದು ಕೋಣೆಯನ್ನೂ ಹೊಕ್ಕು ಬರಬೇಕಾಗುತ್ತದೆ. ಅಡುಗೆಮನೆ, ಮಲಗುವ ಕೋಣೆ, ಉಗ್ರಾಣ, ಕೊನೆಗೆ ಕಾರು ನಿಲ್ಲಿಸುವ ಜಾಗವನ್ನೂ ಬಿಡುವಂತಿಲ್ಲ. ಆದುದರಿಂದ ಇಂದಿನ ಮನೆಗಳ ಒಳಗನ್ನು ನಮ್ಮಷ್ಟು ಕಂಡವರು ಒಳಾಂಗಣ ವಿನ್ಯಾಸಕರಲ್ಲಿಯೂ ವಿರಳ ಎಂದರೆ ಅತಿಶಯೋಕ್ತಿಯಾಗದು. ಈ ಅನುಭವದ ಬಲದಿಂದ ಒಂದು ಮಾತನ್ನು ತುಸು ಕಟುವಾಗಿಯೇ ಹೇಳಬಯಸುತ್ತೇನೆ. ಹಳೆಯ ವಸ್ತುಗಳಿಂದ ಮನೆಯನ್ನು ಸಿಂಗರಿಸುವ ಈಗಿನ ಹವ್ಯಾಸವು ಹಿರಿಯರ ಮೇಲಿನ ಗೌರವದಿಂದ ಹುಟ್ಟಿದುದೆಂದು ನಾವು ನಂಬಿಕೊಂಡಿದ್ದೇವೆ. ಬಹುಪಾಲು ಮನೆಗಳಲ್ಲಿ ಅದು ಹಾಗಿಲ್ಲ.

ಬಾಗಿಲ ಬಳಿ ತಾಮ್ರದ ಹಂಡೆ, ಅದರೊಳಗೆ ಕೊಡೆಗಳು. ಮೇಜಿನ ಮೇಲೆ ಹಿತ್ತಾಳೆಯ ಪಾವು, ಅದರೊಳಗೆ ಪೆನ್ನುಗಳು. ಸೀಮೆಎಣ್ಣೆಯ ಲಾಟೀನು, ಅದರೊಳಗೆ ವಿದ್ಯುತ್ ಬಲ್ಬು. ಹುಲ್ಲುಹಾಸಿನ ನಡುವೆ ರುಬ್ಬುವ ಕಲ್ಲು. ಅದರ ಗುಳಿಯಲ್ಲಿ ಹಕ್ಕಿಗಳಿಗೆ ನೀರು. (ಹಕ್ಕಿಗಳಿಗೆ ನೀರಿಡುವುದಕ್ಕೆ ನನ್ನ ಆಕ್ಷೇಪವಿಲ್ಲ.) ಆ ಮನೆಯ ಮಗುವನ್ನು ಹತ್ತಿರ ಕರೆದು, "ಇದೇನು, ಮಗೂ?" ಎಂದು ಕೇಳಿನೋಡಿ. "ಆ್ಯಂಟಿಕ್, ಫಾದರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಂಡೆ, ಪಾವು, ಲಾಟೀನು, ರುಬ್ಬುವ ಕಲ್ಲು ಎಲ್ಲವಕ್ಕೂ ಅದೊಂದೇ ಹೆಸರು. ಮುಂಜಾನೆ ನಾಲ್ಕಕ್ಕೆ ಎದ್ದು ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತುರುಕಿ ಹತ್ತು ಮಂದಿಗೆ ನೀರು ಕಾಯಿಸಿದ ಒಬ್ಬ ಹೆಣ್ಣುಮಗಳು ಆ ಹಂಡೆಯ ಹಿಂದೆ ಇದ್ದಾಳೆಂಬುದು ಮಗುವಿಗೆ ತಿಳಿಯದು, ತಾಯಿತಂದೆಯರೂ ತಿಳಿಸಿಲ್ಲ. ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ಯೆಹೋಶುವನು ನದಿಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ನಿಲ್ಲಿಸಿದನಷ್ಟೆ. ಆ ಕಲ್ಲುಗಳು ಅಂದವಾಗಿದ್ದುವೆಂದು ಗ್ರಂಥದಲ್ಲಿ ಎಲ್ಲಿಯೂ ಹೇಳಿಲ್ಲ. ಮುಂದೊಂದು ದಿನ ಮಕ್ಕಳು ಇವೇನೆಂದು ಕೇಳಿದಾಗ ಹೇಳಲು ತಂದೆಯರ ಬಳಿ ಒಂದು ಕಥೆಯಿತ್ತು. ಅದಕ್ಕಾಗಿಯೇ ಅವುಗಳನ್ನು ನಿಲ್ಲಿಸಲಾಯಿತು.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಈಗ ದುಬಾರಿ ಬೆಲೆ ತೆತ್ತು ಹಂಡೆಯನ್ನು ಕೊಂಡುತರುವ ಕುಟುಂಬವೇ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ತನ್ನ ಸ್ವಂತ ಹಂಡೆಯನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಮಾರಿತ್ತು. ಹಂಚಿನ ಮನೆಯಲ್ಲಿ ವಾಸಿಸುವುದು ಬಡತನದ ಲಕ್ಷಣವೆಂದು ನಾಚಿ ಅದನ್ನು ಕೆಡವಿದವರು ನಾವೇ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ ಅದು ಅಲಂಕಾರಕ್ಕೆ ಹುಟ್ಟಿದ ಉದ್ಯಮವಾಗಿರಲಿಲ್ಲ. ನೇತ್ರಾವತಿಯ ದಡದ ಜೇಡಿಮಣ್ಣು, ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು, ನೀರು ನಿಲ್ಲದಂತೆ ಇಳಿಜಾರಾದ ಮಾಡು, ಬಿಸಿಗಾಳಿ ಸಂದುಗಳಿಂದ ಮೇಲಕ್ಕೆ ಹೊರಟುಹೋಗುವ ವ್ಯವಸ್ಥೆ ಎಲ್ಲವೂ ಕರಾವಳಿಯ ಮಳೆಗೂ ಸೆಕೆಗೂ ಹೇಳಿಮಾಡಿಸಿದಂತಿದ್ದುವು. ಅದನ್ನು ಇಳಿಸಿ ತಾರಸಿ ಹಾಕಿಸಿದೆವು. ತಾರಸಿ ಕಾದಾಗ ಹವಾನಿಯಂತ್ರಕ ತಂದೆವು. ಈಗ ಕಾರ್ಖಾನೆಯ ಹೆಸರು ಅಚ್ಚೊತ್ತಿದ ಒಂದು ಹಳೆಯ ಹಂಚನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಅದೇ ತಾರಸಿಯ ಕೆಳಗಿನ ಗೋಡೆಗೆ ತೂಗುಹಾಕುತ್ತೇವೆ. ಹಂಚಿಗೆ ಬಾಯಿದ್ದಿದ್ದರೆ ಏನನ್ನುತ್ತಿತ್ತೋ!

ಕಂಬಗಳ ವಿಷಯ ಇದಕ್ಕಿಂತಲೂ ಗಂಭೀರವಾದುದು. ನಗರದ ಬಹುಮಹಡಿ ಕಟ್ಟಡದ ಮನೆಗಳಲ್ಲಿಯೂ ಈಗ ಕೆತ್ತನೆಯ ಮರದ ಕಂಬಗಳು ಕಾಣಸಿಗುತ್ತವೆ. ಮೇಲೆ ಕಾಂಕ್ರೀಟಿನ ಚಪ್ಪಡಿ ತನ್ನ ಬಲದಿಂದ ತಾನೇ ನಿಂತಿರುತ್ತದೆ. ಕೆಳಗೆ ಕಂಬ ಯಾವ ಭಾರವನ್ನೂ ಹೊರದೆ ಸುಮ್ಮನೆ ನಿಂತಿರುತ್ತದೆ. ಇವು ಎಲ್ಲಿಂದ ಬಂದುವೆಂದು ಕೇಳಿದರೆ ಕಾರೈಕುಡಿಯಿಂದ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ತಮಿಳುನಾಡಿನ ಆ ಊರಿನಲ್ಲಿ ಹಳೆಯ ವಸ್ತುಗಳನ್ನು ಮಾರುವ ಅಂಗಡಿಗಳ ಬೀದಿಯೇ ಇದೆ. ಆದರೆ ಕಾರೈಕುಡಿಗೆ ಅಷ್ಟೊಂದು ಕಂಬಗಳು ಬಂದುದಾದರೂ ಹೇಗೆ?

ಚೆಟ್ಟಿನಾಡಿನ ನಗರತ್ತಾರ್ ಸಮುದಾಯದವರು ಹತ್ತೊಂಬತ್ತನೆಯ ಶತಮಾನದಿಂದ ಬರ್ಮಾದಲ್ಲಿ ಲೇವಾದೇವಿ ನಡೆಸಿ ಅಪಾರ ಸಂಪತ್ತನ್ನು ಗಳಿಸಿದರು. ಅಲ್ಲಿಯ ತೇಗದ ಮರವನ್ನು ಹಡಗಿನಲ್ಲಿ ತರಿಸಿ ತಮ್ಮ ಒಣನಾಡಿನಲ್ಲಿ ಅರಮನೆಯಂತಹ ಮನೆಗಳನ್ನು ಕಟ್ಟಿದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಭತ್ತದ ಬೆಲೆ ಕುಸಿದು ಸಾಲ ತೀರಿಸಲಾಗದೆ ಹೋದ ಬರ್ಮಾದ ರೈತರ ಹೊಲಗಳು ಬಹುಮಟ್ಟಿಗೆ ಇವರ ಕೈಸೇರಿದುವು. 1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿದಾಗ ಇವರೂ ಎಲ್ಲವನ್ನೂ ಬಿಟ್ಟು ಓಡಿಬರಬೇಕಾಯಿತು. 1948ರಲ್ಲಿ ಸ್ವತಂತ್ರವಾದ ಬರ್ಮಾ ಭೂಮಿಯನ್ನು ರಾಷ್ಟ್ರೀಕರಿಸಿತು. ಹಿಂದಿರುಗಿ ಹೋಗಲು ಏನೂ ಉಳಿಯಲಿಲ್ಲ. ಒಂದೊಂದು ಮನೆಗೂ ಹತ್ತಾರು ಪಾಲುದಾರರು; ದುರಸ್ತಿಗೆ ಹಣ ಹಾಕುವವರಿಲ್ಲ. ಮನೆಗಳನ್ನು ಬಿಚ್ಚಿದರು. ಬಾಗಿಲು, ಕಂಬ, ತೊಲೆ, ಮದುಮಗಳಿಗೆಂದು ಕೊಟ್ಟ ಪಾತ್ರೆಗಳು ಅಂಗಡಿಗಳಿಗೆ ಬಂದುವು. ನಿಮ್ಮ ಹಾಲಿನಲ್ಲಿ ನಿಂತಿರುವ ಆ ಕಂಬದಲ್ಲಿ ಬರ್ಮಾದ ಕಾಡೊಂದು, ಹೊಲ ಕಳೆದುಕೊಂಡ ರೈತನೊಬ್ಬ, ಮನೆ ಕಳೆದುಕೊಂಡ ಕುಟುಂಬವೊಂದು ಇವೆ. ಕೊಚ್ಚಿಯ ಮಟ್ಟಾಂಚೇರಿಯ ಕಥೆಯೂ ಇದಕ್ಕೆ ದೂರವಲ್ಲ. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಅಲ್ಲಿಯ ಯೆಹೂದ್ಯರು ಒಬ್ಬೊಬ್ಬರಾಗಿ ಹೊರಟುಹೋದರು. ಅವರು ಬಾಳಿದ ಬೀದಿಯಲ್ಲಿ ಇಂದು ಹಳೆಯ ವಸ್ತುಗಳ ಅಂಗಡಿಗಳು ಸಾಲುಗಟ್ಟಿವೆ.

ಹಾಗಾದರೆ ಅಂತಹ ಕಂಬವನ್ನು ಕೊಳ್ಳುವುದು ಪಾಪವೇ? ಅಲ್ಲ. ಕೊಳ್ಳದಿದ್ದರೆ ಅದು ಸೌದೆಯಾಗುತ್ತಿತ್ತೇನೋ. ಕೊಂಡವರು ಅದರ ಕಥೆಯನ್ನೂ ತರಬೇಕೆಂಬುದಷ್ಟೇ ನನ್ನ ವಾದ. ಪರರ ಮನೆಯ ದುಃಖವನ್ನು ಅಲಂಕಾರವಾಗಿ ಇಟ್ಟುಕೊಂಡವನು ಆ ದುಃಖದ ಹೆಸರನ್ನಾದರೂ ತಿಳಿದಿರಬೇಕು.

ಇನ್ನು ಕೆಲವರು ಕೊಳ್ಳುವುದು ಹಳೆಯದನ್ನೂ ಅಲ್ಲ. ಹೊಸ ಮರವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಸರಪಳಿಯಿಂದ ಬಡಿದು, ಚಹಾದ ಕಷಾಯ ಬಳಿದು, ಹುಳು ಕೊರೆದಂತೆ ತೂತು ಮಾಡಿ ನೂರು ವರ್ಷದ್ದೆಂದು ಮಾರುವ ಕಲೆ ಚೆನ್ನಾಗಿ ಬೆಳೆದಿದೆ. ನಿಜವಾಗಿ ಹಳೆಯದಾದ ಮೇಜಿನ ಸೆಳೆಖಾನೆಯನ್ನು ಎಳೆದು ಅಡಿಯನ್ನು ನೋಡಿ; ಸಾವಿರಾರು ಸಲ ಎಳೆದು ತಳ್ಳಿದ ಕಡೆಯಲ್ಲಿಯೇ ಮರ ಸವೆದಿರುತ್ತದೆ. ಗುಂಡು ಮೇಜಿನ ಹಲಗೆಯನ್ನು ಅಳೆದುನೋಡಿ. ಮರವು ಎಳೆಗೆ ಅಡ್ಡಲಾಗಿ ಕುಗ್ಗುವುದರಿಂದ ಹಳೆಯ ಗುಂಡು ಮೇಜು ತುಸು ಅಂಡಾಕಾರಕ್ಕೆ ತಿರುಗಿರುತ್ತದೆ. ಸವೆತವನ್ನು ನಟಿಸಬಹುದು, ಆದರೆ ಎಲ್ಲಿ ಸವೆಯಬೇಕೆಂಬುದು ಬಳಸಿದ ಕೈಗೆ ಮಾತ್ರ ಗೊತ್ತು.

ಹಿಂದಿನ ಕಾಲವೆಂದರೆ ಬರೀ ಶಾಂತಿ, ಸರಳತೆ, ನೆಮ್ಮದಿ ಎಂಬಂತೆ ಚಿತ್ರಿಸುವ ಚಟವೂ ಈ ಅಲಂಕಾರದೊಡನೆ ಬರುತ್ತದೆ. ಇದನ್ನು ಒಪ್ಪಲಾಗದು. ಮೇಜಿನ ಮೇಲಿನ ಆ ಪಾವನ್ನೇ ತೆಗೆದುಕೊಳ್ಳಿ. ಪಾವು, ಸೇರು, ಬಳ್ಳ, ಕೊಳಗ, ಕರಾವಳಿಯ ಕಳಸೆ, ಮುಡಿ ಇವೆಲ್ಲ ಬದುಕನ್ನು ಅಳೆದ ಸಾಧನಗಳು. 1956ರ ಕಾನೂನಿನ ಪ್ರಕಾರ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದಾಗ ಇವು ಅಧಿಕೃತ ಸ್ಥಾನವನ್ನು ಕಳೆದುಕೊಂಡುವು. ಊರಿಂದೂರಿಗೆ ಸೇರಿನ ಗಾತ್ರ ಬೇರೆಯಾಗುತ್ತಿದ್ದ ಕಾಲದಲ್ಲಿ ಕೊಡುವ ಸೇರು ಒಂದು, ತೆಗೆದುಕೊಳ್ಳುವ ಸೇರು ಇನ್ನೊಂದು ಎಂಬ ದೂರು ಕೂಲಿಯವರ ಬಾಯಲ್ಲಿತ್ತು. ಅಳತೆಯನ್ನು ಕಿರಿದು ಮಾಡಿ ಬಡವರನ್ನು ವಂಚಿಸುವವರನ್ನು ಪ್ರವಾದಿ ಆಮೋಸನು ಎಷ್ಟು ಕಠೋರವಾಗಿ ಖಂಡಿಸಿದ್ದಾನೆಂಬುದನ್ನು ಬೈಬಲ್ ಓದುವ ಕುಟುಂಬಗಳಿಗೆ ನಾನು ಹೇಳಬೇಕಾಗಿಲ್ಲ. ಭತ್ತದ ಪತ್ತಾಯದ ಕಥೆಯೂ ಹೀಗೆಯೇ. ಅದು ತುಂಬುತ್ತಿದ್ದುದು ಎಷ್ಟೋ ಕಡೆ ಗೇಣಿಯ ಭತ್ತದಿಂದ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಕೊನೆಗೊಂಡಾಗ ಹಲವು ಪತ್ತಾಯಗಳು ಬರಿದಾದುವು. ಅದನ್ನು ನೆನೆದು ಒಡೆಯನ ಮೊಮ್ಮಗ ನಿಟ್ಟುಸಿರು ಬಿಡಬಹುದು. ಒಕ್ಕಲಿನವನ ಮೊಮ್ಮಗನೂ ಅದೇ ಬಲಿಪೂಜೆಯಲ್ಲಿ ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತಾನೆ, ಮರೆಯಬೇಡಿ. ಕಾಫಿ ತೋಟದ ದೊರೆಗಳು ಕಾಲು ಚಾಚಿ ಮಲಗುತ್ತಿದ್ದ ಉದ್ದ ತೋಳಿನ ಆರಾಮಕುರ್ಚಿಗಳಿಗೆ ಇಂದು ಬಲು ಬೇಡಿಕೆ. ಆ ದೊರೆ ಕಾಲು ಚಾಚಿದಾಗ ಬೂಟು ಕಳಚುತ್ತಿದ್ದವರು ಯಾರು?

ನಮ್ಮ ಧರ್ಮಕೇಂದ್ರಗಳಲ್ಲಿ ತೋಟದ ಲೈನುಮನೆಗಳಿಂದ ಬಂದ ಕುಟುಂಬಗಳು ಎಷ್ಟೋ ಇವೆ. ಅವರಿಗೆ ಪಿತ್ರಾರ್ಜಿತವಾಗಿ ಬಂದದ್ದು ಒಂದು ಕಬ್ಬಿಣದ ಟ್ರಂಕು, ಒಂದು ಮರದ ಶಿಲುಬೆ, ಹೊಗೆಯಿಂದ ಕಂದು ಬಣ್ಣಕ್ಕೆ ತಿರುಗಿದ ಯೇಸುವಿನ ಪವಿತ್ರ ಹೃದಯದ ಪಟ. ಪಟದ ಕೆಳಗೆ, ಮನೆಯಲ್ಲಿ ಪವಿತ್ರ ಹೃದಯವನ್ನು ಪ್ರತಿಷ್ಠಾಪಿಸಿದ ದಿನಾಂಕ, ಮನೆಮಂದಿಯ ಹೆಸರುಗಳು, ಅಂದಿನ ಗುರುಗಳ ಸಹಿ. ಅಚ್ಚಿನ ಕಾಗದವಾದ್ದರಿಂದ ಯಾವ ವ್ಯಾಪಾರಿಯೂ ಅದಕ್ಕೆ ಬೆಲೆ ಕಟ್ಟಲಾರ. ಆದರೆ ಮನೆಯ ಮಗುವಿಗೆ ಅದನ್ನು ತೋರಿಸಿದರೆ, "ಇದು ನಮ್ಮ ಮುತ್ತಜ್ಜನ ಹೆಸರು, ಇದು ಕೂಸಿನಲ್ಲೇ ತೀರಿಕೊಂಡ ದೊಡ್ಡಮ್ಮನದು" ಎಂದು ಬೆರಳಿಟ್ಟು ಓದುತ್ತದೆ. ಪುರಾತನ ವಸ್ತುವಿನೊಡನೆ ಬಾಳುವುದೆಂದರೆ ಇದು. ಹೊಸ ಮನೆ ಕಟ್ಟಿದಾಗ ವಿನ್ಯಾಸಕರ ಮಾತು ಕೇಳಿ ಈ ಪಟವನ್ನು ಅಟ್ಟಕ್ಕೆ ಏರಿಸಿ, ಆ ಜಾಗದಲ್ಲಿ ಅಂಗಡಿಯಿಂದ ತಂದ ಅಪರಿಚಿತರ ಕುಟುಂಬದ ಹಳೆಯ ಭಾವಚಿತ್ರವನ್ನು ತೂಗುಹಾಕುವವರನ್ನೂ ನಾನು ಬಲ್ಲೆ. ತಮ್ಮ ಅಜ್ಜನ ಮುಖ ಗೋಡೆಗೆ ಹೊಂದುವುದಿಲ್ಲವಂತೆ!

ಅಜ್ಜನ ಪಟದ ಮಾತು ಬಂದುದರಿಂದ ಅಜ್ಜಿಯ ಮಾತನ್ನೂ ಹೇಳಿಬಿಡುತ್ತೇನೆ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾವು ಮುಂಬಾಗಿಲಿನಿಂದ ಹಾಲಿಗೆ, ಹಾಲಿನಿಂದ ಹಿಂದಿನ ಕೋಣೆಗೆ ಸಾಗುತ್ತೇವೆ. ಹಾಲಿನಲ್ಲಿ ಹೊಳಪು ಕೊಟ್ಟ ಬೀಟೆ ಮರದ ಹಳೆಯ ಕುರ್ಚಿ; ಅದರ ಮೇಲೆ ಯಾರೂ ಕೂರದಂತೆ ದಾರ ಕಟ್ಟಿರುತ್ತದೆ. ಆ ಕುರ್ಚಿಯಲ್ಲಿ ಕುಳಿತು ಐದು ಮಕ್ಕಳಿಗೆ ಜಪಸರ ಕಲಿಸಿದಾಕೆ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಕೇಳಿದರೆ, ಕುರ್ಚಿ ಹಾಳಾಗುತ್ತದೆಯಂತೆ. ಆಕೆಗೆ ಅದನ್ನು ಬಿಟ್ಟುಕೊಡಿ. ಹಾಳಾದರೆ ಆಗಲಿ. ಆಕೆ ಇರುವಷ್ಟು ದಿನ ಆ ಮನೆಯ ಒಂದೊಂದು ಪಾತ್ರೆ, ಪೆಟ್ಟಿಗೆ, ತೊಟ್ಟಿಲು ಎಲ್ಲಿಂದ ಬಂತು, ಯಾರ ಮದುವೆಗೆ ಬಂತು, ಯಾರ ಕಾಯಿಲೆಗೆ ಒತ್ತೆ ಹೋಗಿ ಬಂತು ಎಂಬುದನ್ನು ಹೇಳಬಲ್ಲಳು. ಒಂದು ನೋಟುಪುಸ್ತಕ ಸಾಕು. ಮೊಮ್ಮಕ್ಕಳಿಗೆ ಬೇಸಿಗೆ ರಜೆಯ ಕೆಲಸವೂ ಆದೀತು.

"ಹಾಗಾದರೆ ಫಾದರ್, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಪತ್ತಾಯ ಇಟ್ಟುಕೊಳ್ಳಬೇಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಟ್ಟುಕೊಳ್ಳಬೇಕಾಗಿಲ್ಲ; ಮನೆ ವಸ್ತುಸಂಗ್ರಹಾಲಯವಾಗಬೇಕಾಗಿಲ್ಲ. ಬಳಸಬಲ್ಲ ನಾಲ್ಕು ವಸ್ತುಗಳನ್ನು ಇಟ್ಟುಕೊಳ್ಳಿ, ಬಳಸಿರಿ. ಅಜ್ಜಿಯ ಕಂಚಿನ ತಟ್ಟೆಯಲ್ಲಿ ಹಬ್ಬದ ದಿನವಾದರೂ ಉಣ್ಣಿರಿ. ಮಳೆಗಾಲದಲ್ಲಿ ಮರದ ಪೆಟ್ಟಿಗೆಯನ್ನು ಗೋಡೆಯಿಂದ ತುಸು ದೂರಕ್ಕೆ ಸರಿಸಿ, ಕಾಲಿನ ಅಡಿಗೆ ಕಲ್ಲು ಕೊಟ್ಟು ಗೆದ್ದಲಿನಿಂದ ಕಾಪಾಡಿರಿ. ಹೊಳೆಯಬೇಕೆಂದು ರಾಸಾಯನಿಕದಲ್ಲಿ ಅದ್ದಿ ತೆಗೆಸಬೇಡಿ, ಬೆಸುಗೆಗಳು ಸಡಿಲವಾಗುತ್ತವೆ. ಇಟ್ಟುಕೊಳ್ಳಲಾಗದುದನ್ನು ಮೊದಲು ದಾಯಾದಿಗಳಲ್ಲಿ ಕೇಳಿ. ಅವರಿಗೂ ಬೇಡವಾದರೆ ರಾಮನಗರದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ, ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಅಲೋಶಿಯಮ್ ಮುಂತಾದ ಸಂಗ್ರಹಾಲಯಗಳಲ್ಲಿ ವಿಚಾರಿಸಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿತಂದು, ಪ್ರತಿ ತುಂಡನ್ನೂ ಅದರದರ ಸ್ಥಾನದಲ್ಲಿ ಕೂಡಿಸಿ ಮತ್ತೆ ನಿಲ್ಲಿಸಿದರು. ಅಲ್ಲಿ ಕಂಬದ ಮೇಲೆ ತೊಲೆಯಿದೆ, ತೊಲೆಯ ಮೇಲೆ ಮಾಡಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ.

ಕಾನೂನಿನ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕರಕುಶಲ ವಸ್ತು ಮುಂತಾದುವು ಪುರಾತನ ವಸ್ತುಗಳೆನಿಸುತ್ತವೆ. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಗಲ್ಫಿನಲ್ಲಿಯೋ ಕೆನಡದಲ್ಲಿಯೋ ಇರುವ ಮಗನ ಮನೆಗೆ ಅಜ್ಜನ ಕಾಲದ ಮರದ ಪ್ರತಿಮೆಯನ್ನು ಪೆಟ್ಟಿಗೆಯಲ್ಲಿ ಸುತ್ತಿ ಕಳುಹಿಸುವ ಮುನ್ನ ಇದನ್ನು ನೆನೆಯಿರಿ. ಆನೆದಂತದ ಶಿಲುಬೆಯಾದರೆ ಮಾರುವುದೂ ಕೊಳ್ಳುವುದೂ ಅಪರಾಧ.

ಈಗ ನನ್ನನ್ನು ಹೆಚ್ಚಾಗಿ ನೋಯಿಸುವ ಸಂಗತಿಗೆ ಬರುತ್ತೇನೆ. ಒಂದು ಮನೆಯಲ್ಲಿ ಊಟದ ಜಾಗಕ್ಕೂ ಹಾಲಿಗೂ ನಡುವೆ ಸುಂದರವಾದ ಜಾಲರಿಯ ತಡಿಕೆಯೊಂದಿತ್ತು. ಹತ್ತಿರ ಹೋಗಿ ನೋಡಿದರೆ ಅದು ಪಾಪನಿವೇದನೆಯ ಪೀಠದ ಜಾಲರಿ. ಎಷ್ಟು ಮಂದಿ ಅದರ ಬದಿಗೆ ಬಾಯಿಟ್ಟು ಜೀವನದ ಭಾರವನ್ನು ಇಳಿಸಿಕೊಂಡಿದ್ದರೋ! ಮನೆಯವರಿಗೆ ಅದೇನೆಂದು ತಿಳಿದಿರಲಿಲ್ಲ; ಅವರನ್ನು ದೂರುವುದಿಲ್ಲ. ಮತ್ತೊಂದೆಡೆ ಪರಮಪ್ರಸಾದವನ್ನಿಡುವ ಹಳೆಯ ಪೆಟ್ಟಿಗೆಯಲ್ಲಿ ಮದ್ಯದ ಸೀಸೆಗಳಿದ್ದುವು. ಅಲ್ಲಿ ಮನೆಯವರಿಗೆ ತಿಳಿದಿತ್ತು, ತಿಳಿದೇ ನಗುತ್ತಿದ್ದರು.

ಇವು ಹೊರಗೆ ಬಂದುದು ಹೇಗೆ? ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜಾವಿಧಿ ನವೀಕರಣವಾದಾಗ ಎಷ್ಟೋ ಕಡೆ ಹಳೆಯ ಪೀಠಗಳನ್ನೂ ಅದರ ಮುಂದಿನ ಕಟಕಟೆಗಳನ್ನೂ ಪ್ರವಚನ ಪೀಠಗಳನ್ನೂ ಕಿತ್ತರು. ಅದೇ ಮಹಾಸಭೆ 1963ರಲ್ಲಿ ಪ್ರಕಟಿಸಿದ ಪೂಜಾವಿಧಿಯ ಸಂವಿಧಾನದಲ್ಲಿಯೇ, ಪವಿತ್ರ ಉಪಕರಣಗಳೂ ಬೆಲೆಯುಳ್ಳ ಕಲಾಕೃತಿಗಳೂ ಕೈತಪ್ಪಿ ಚದುರಿಹೋಗದಂತೆ ಧರ್ಮಾಧ್ಯಕ್ಷರು ಎಚ್ಚರವಹಿಸಬೇಕೆಂದು ವಿಧಿಸಿತ್ತು. ವಿಧಿಯ ಆ ಭಾಗವನ್ನು ಓದಿದವರು ಕಡಿಮೆ. 1983ರ ಧರ್ಮಸಭೆಯ ಕಾನೂನು ಸಂಹಿತೆ ಇನ್ನೂ ಸ್ಪಷ್ಟವಾಗಿದೆ. ಆರಾಧನೆಗೆಂದು ಪ್ರತಿಷ್ಠಿಸಿದ ಅಥವಾ ಆಶೀರ್ವದಿಸಿದ ವಸ್ತುಗಳು ಖಾಸಗಿಯವರ ಸ್ವತ್ತಾಗಿದ್ದರೂ ಅವನ್ನು ಲೌಕಿಕವಾದ ಇಲ್ಲವೆ ಅನುಚಿತವಾದ ಬಳಕೆಗೆ ತೊಡಗಿಸಬಾರದೆಂದು 1171ನೆಯ ನಿಯಮ ಹೇಳುತ್ತದೆ. ಪವಿತ್ರ ಅವಶೇಷಗಳನ್ನು ಮಾರುವುದನ್ನು 1190ನೆಯ ನಿಯಮ ಸಂಪೂರ್ಣ ನಿಷೇಧಿಸಿದೆ. ಪುರಾತನವಾದ, ಬೆಲೆಯುಳ್ಳ ಪ್ರತಿಮೆಗಳ ದುರಸ್ತಿಗೂ ಧರ್ಮಾಧ್ಯಕ್ಷರ ಲಿಖಿತ ಅನುಮತಿ ಬೇಕು. ಅವರೂ ಬಲ್ಲವರ ಸಲಹೆ ಪಡೆಯಬೇಕು. ಧರ್ಮಕೇಂದ್ರದ ಹಬ್ಬ ಹತ್ತಿರ ಬಂದೊಡನೆ ನೂರು ವರ್ಷದ ಮರದ ಸಂತರಿಗೆ ಎನಾಮಲ್ ಬಣ್ಣ ಬಳಿಸುವ ಉತ್ಸಾಹಿಗಳು, ಅವರಲ್ಲಿ ನಮ್ಮ ಗುರುಗಳೂ ಸೇರಿದಂತೆ, ಈ ನಿಯಮವನ್ನು ಒಮ್ಮೆ ಓದಲಿ.

ಆದುದರಿಂದ ತರವಾಡು ಮನೆಯನ್ನು ಕೆಡವುವಾಗಲೋ ಮಾರುವಾಗಲೋ ಗುಜರಿಯವನಿಗೆ ಫೋನ್ ಮಾಡುವ ಮುನ್ನ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕರೆಯಿರಿ. ಮನೆಯ ಪೀಠ, ಶಿಲುಬೆ, ಪ್ರತಿಮೆ, ತೂಗುದೀಪ ಏನಿವೆಯೆಂದು ಅವರು ನೋಡಲಿ. ಮಕ್ಕಳಲ್ಲಿ ಒಬ್ಬರು ಪ್ರಾರ್ಥನೆಗೆ ಬಳಸುವುದಾದರೆ ಅವರಿಗೇ ಸೇರಲಿ. ಪಾಲು ಸರಿಮಾಡಲೆಂದು ಮಾರಿ ಹಣ ಹಂಚಿಕೊಳ್ಳುವುದು ಬೇಡ. ಯಾರಿಗೂ ಬೇಡವಾದರೆ ಹೊಸದಾಗಿ ಆರಂಭವಾದ ಉಪಕೇಂದ್ರಗಳಲ್ಲಿ ಅವುಗಳಿಗೆ ಜಾಗವಿರುತ್ತದೆ. ಮುರಿದು ಸರಿಪಡಿಸಲಾಗದ ಪ್ರತಿಮೆಯನ್ನು ಬಾವಿಕಟ್ಟೆಯ ಮೇಲೋ ಮರದ ಬುಡದಲ್ಲೋ ಇಟ್ಟು ಬರಬೇಡಿ. ಮರದ್ದಾದರೆ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುವುದು, ಮಣ್ಣಿನದಾದರೆ ಯಾರೂ ತುಳಿಯದ ಜಾಗದಲ್ಲಿ ಹೂಳುವುದು ವಾಡಿಕೆ. ಗುದ್ದಲಿಯೊಂದು ಪ್ರತಿ ಧರ್ಮಕೇಂದ್ರದಲ್ಲಿಯೂ ಇರುತ್ತದೆ, ಕೇಳಿ ಪಡೆಯಿರಿ.